ಏಳನೆಯ ಜೋಡಿ ಗಾಲಿ

ಮೇದಕ್‌ನ ಕಾರ್ಖಾನೆಯಲ್ಲಿ ‘ಸಾರಥ್’ ಎಂಬ ಹೆಸರಿನಿಂದ ತಯಾರಾದ ಬಿಎಂಪಿ-2 ಎಂಬ ಸೋವಿಯತ್ ಮೂಲದ, ಗಾಲಿಗಳ ಸುತ್ತ ಉಕ್ಕಿನ ಪಟ್ಟಿ (ಟ್ರ್ಯಾಕ್) ಇರುವ ಸೇನಾ ವಾಹನದ ಚಾಸಿಸ್ (ತಳಗಟ್ಟು) ಪದಾತಿ ಸೈನಿಕರನ್ನು ಹೊರುವುದಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ. ಟ್ಯಾಂಕ್ ನಿರೋಧಕ ನಾಗ್ ಕ್ಷಿಪಣಿಯ ವಾಹಕಕ್ಕೂ, ಬೆಂಗಳೂರಿನ ರಕ್ಷಣಾ ಸಂಶೋಧನಾಲಯ ಎಲ್‌ಆರ್‌ಡಿಇ ರೂಪಿಸಿದ ರಾಜೇಂದ್ರ ರೇಡಾರಿಗೂ ಅದು ಆಧಾರವಾಯಿತು. ಅಂಥದೇ ಒಂದು ರೂಪಾಂತರದ ಸಸ್ಪೆನ್ಷನ್ ಲೆಕ್ಕಾಚಾರ ನನ್ನ ಪಾಲಿಗೆ ಬಂದಿತ್ತು.

ಮೂಲ ವಾಹನದ ತೂಕ ಸುಮಾರು 14 ಟನ್. ಹೊಸ ಉಪಕರಣಗಳು ಸೇರಿದಾಗ ಅದು 17 ಟನ್ನಿಗೆ ಏರುತ್ತಿತ್ತು. 30 ಸೆಂ.ಮೀ. ಅಗಲದ ಟ್ರ್ಯಾಕ್ ನೆಲಕ್ಕೆ ತಾಗುವ ಉದ್ದ ಸುಮಾರು 3.6 ಮೀಟರ್ ಮಾತ್ರ ಇರುವುದರಿಂದ ನೆಲದ ಮೇಲಿನ ಒತ್ತಡ ಚದರ ಸೆಂ.ಮೀ.ಗೆ 0.66 ಕೆ.ಜಿ.ಯಿಂದ 0.8ರ ಸಮೀಪಕ್ಕೆ ಹೋಗುತ್ತಿತ್ತು. ಕೆಸರಿನಲ್ಲಿ ಹೂತುಕೊಳ್ಳಲು ಅಷ್ಟು ಸಾಕು. ಆದ್ದರಿಂದ ವಾಹನದ ಒಡಲನ್ನು (ಹಲ್) ಸುಮಾರು 70 ಸೆಂ.ಮೀ. ಉದ್ದಗೊಳಿಸಿ ಏಳನೆಯ ಜೋಡಿ ರೋಡ್ ವೀಲ್ (ಭಾರ ಹೊತ್ತು ಟ್ರ್ಯಾಕ್ ಮೇಲೆ ಉರುಳುವ ಗಾಲಿ) ಸೇರಿಸಿದೆವು. ಒತ್ತಡ ಹಳೆಯ ಮಟ್ಟಕ್ಕೆ ಇಳಿಯಿತು.

ಇದನ್ನೇ ಪರಿಹಾರವೆಂದು ತಿಳಿಯುವವರು ಟ್ರ್ಯಾಕ್ ವಾಹನವನ್ನು ತಿರುಗಿಸಿ ನೋಡಿದವರಲ್ಲ. ತಿರುವಿನಲ್ಲಿ ಟ್ರ್ಯಾಕ್ ನೆಲವನ್ನು ಕುಂಟೆಯಂತೆ ಅಡ್ಡಡ್ಡಲಾಗಿ ಕೆರೆಯುತ್ತದೆ; ಆಗ ಹುಟ್ಟುವ ಪ್ರತಿರೋಧ ತೂಕ ಮತ್ತು ತಾಗುವ ಉದ್ದ ಇವೆರಡರ ಗುಣಲಬ್ಧಕ್ಕೆ ಅನುಗುಣವಾಗಿರುವುದರಿಂದ ನಮ್ಮ ವಾಹನದಲ್ಲಿ ಅದು ಸುಮಾರು ಶೇ. 45ರಷ್ಟು ಹೆಚ್ಚಿತು. ಎಡ-ಬಲ ಟ್ರ್ಯಾಕ್‌ಗಳ ನಡುವಿನ 2.55 ಮೀಟರ್ ಅಂತರಕ್ಕೆ ಆ ಉದ್ದದ ಅನುಪಾತ 1.4ರಿಂದ 1.7ಕ್ಕೆ ಏರಿದಾಗ ಸ್ಟಿಯರಿಂಗ್ ಬ್ರೇಕುಗಳು ಮತ್ತು ಫೈನಲ್ ಡ್ರೈವ್ (ಟ್ರ್ಯಾಕ್‌ಗೆ ಶಕ್ತಿ ತಲುಪಿಸುವ ಕೊನೆಯ ಗೇರು) ಅದರ ಹೊರೆಯನ್ನು ಹೊರಬೇಕಾಗುತ್ತದೆ.

ತಿರುವು ಹಗುರಾಗಲು ಭಾರವು ನಡುವಿನ ಗಾಲಿಗಳ ಮೇಲೆ ಬೀಳಬೇಕು. ಆದರೆ ಹಳ್ಳದಿಣ್ಣೆಗಳಲ್ಲಿ ಮೂತಿ ಮುಗ್ಗರಿಸದಿರಲು ತುದಿಯ ಗಾಲಿಗಳ ಸ್ಪ್ರಿಂಗುಗಳೇ ಬಿಗಿಯಾಗಿರಬೇಕು. ನಾವು ಟಾರ್ಷನ್ ಬಾರ್‌ಗಳ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಉಕ್ಕಿನ ಸರಳುಗಳ) ಬಿಗಿತವನ್ನು ಬದಲಿಸದೆ, ಮೊದಲ ಮತ್ತು ಕೊನೆಯ ಬಾರ್‌ಗಳನ್ನು ಸ್ಪ್ಲೈನ್‌ನಲ್ಲಿ (ತುದಿಯ ಹಲ್ಲುಗಳ ಜೋಡಣೆಯಲ್ಲಿ) ತುಸು ತಿರುಗಿಸಿ ಕೂರಿಸಿ ಆ ಗಾಲಿಗಳ ನಿಶ್ಚಲ ಭಾರವನ್ನಷ್ಟೇ ಕಡಿಮೆ ಮಾಡಿದೆವು. ಬಾರ್‌ನ ಎರಡು ತುದಿಗಳಲ್ಲಿ ಹಲ್ಲುಗಳ ಸಂಖ್ಯೆ ಬೇರೆಬೇರೆ ಇದ್ದರೆ ಈ ಹೊಂದಾಣಿಕೆಯನ್ನು ಬಹಳ ಸೂಕ್ಷ್ಮವಾಗಿ ಮಾಡಬಹುದು.

ಬಾರ್ ದಪ್ಪಗೊಳಿಸುವ ಸಲಹೆಯೂ ಬಂದಿತ್ತು. ಬಿಗಿತವು ವ್ಯಾಸದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ ಶೇ. 5ರಷ್ಟು ದಪ್ಪ ಹೆಚ್ಚಿಸಿದರೆ ಬಿಗಿತ ಸುಮಾರು ಶೇ. 22ರಷ್ಟು ಏರುತ್ತದೆಯೆಂಬುದು ನಿಜ. ಆದರೆ ಅಷ್ಟೇ ತಿರುಚಿಗೆ ಹೊರಮೈಯ ಒತ್ತಡವೂ ಶೇ. 5ರಷ್ಟು ಏರಿ, ಬಾರ್‌ನ ಆಯುಷ್ಯ ಅದಕ್ಕಿಂತ ಬಹಳ ಹೆಚ್ಚಿನ ಪ್ರಮಾಣದಲ್ಲಿ ಕುಗ್ಗುತ್ತದೆ. ಬಿರುಕು ಹುಟ್ಟುವುದು ಹೆಚ್ಚಾಗಿ ಮೇಲ್ಮೈಯ ಗೀರಿನಿಂದ ಆದ್ದರಿಂದ ಬಾರ್‌ಗಳಿಗೆ ಟೇಪು ಸುತ್ತಿಸಿ, ತಯಾರಿಯಲ್ಲೇ ಒಂದೇ ದಿಕ್ಕಿಗೆ ತಿರುಚಿ ಹದಗೊಳಿಸಿದ ಅವು ಎಡ-ಬಲ ಅದಲುಬದಲಾಗದಂತೆ ತುದಿಗೆ ಬಾಣದ ಗುರುತು ಹಾಕಿಸಿದೆ.