ಹಳೇಬೀಡಿಗೆ ಹೋಗ್ತಿದ್ದೀರಾ? ಫೋಟೋಗೆ ಒಂದು ಸಲಹೆ

ಸಂಜೆ ನಾಲ್ಕರ ಮೇಲೆ ಹೋಗಿ. ಹೊಯ್ಸಳೇಶ್ವರ ಗುಡಿ ಪೂರ್ವಕ್ಕೆ ಮುಖ ಮಾಡಿದೆ, ಆದರೆ ಒಳ್ಳೊಳ್ಳೆ ಕೆತ್ತನೆ ಇರುವುದು ಹಿಂದಿನ ಪಶ್ಚಿಮ ಗೋಡೆಯಲ್ಲಿ. ಓರೆ ಬಿಸಿಲು ಬಿದ್ದಾಗ ಕೆಳಸಾಲಿನ ಆನೆಗಳ ಸೊಂಡಿಲು ಕೂಡ ಎದ್ದು ಕಾಣುತ್ತದೆ. ನಡುಮಧ್ಯಾಹ್ನ ಬಳಪದ ಕಲ್ಲು ಸಪ್ಪೆ.

ನಾನು ಕಂತಿನಲ್ಲಿ ಕ್ಯಾಮೆರಾ ತಗೊಂಡು ಹನ್ನೆರಡು ಗಂಟೆಗೇ ಹೋಗಿದ್ದೆ. ಇನ್ನೂರು ಫೋಟೋ, ಎಲ್ಲ ಪೋಸ್ಟ್‌ಕಾರ್ಡ್ ಥರ! ಮನೆಯವರು ಈಗಲೂ ತೆಗೆದು ನೋಡುವುದು ಹಳೇ ಮೊಬೈಲಿನ ಒಂದೇ ಫೋಟೋ: ಕಾದ ಹಾಸುಗಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಓಡುವ ಅಣ್ಣನ ಮಗಳು, ಒಂದು ಕಾಲು ಗಾಳಿಯಲ್ಲಿ, ಹಿಂದೆ ಅಲ್ಲಾಡದ ಆನೆಸಾಲು.

ಅದಕ್ಕೇ ಮನೆಮಂದಿಯನ್ನು ಗೋಡೆ ಮುಂದೆ ಸಾಲಾಗಿ ನಿಲ್ಲಿಸಬೇಡಿ. ಒಂದು ಜಾಗ ಹಿಡಿದು ಹತ್ತು ನಿಮಿಷ ಸುಮ್ನೆ ಕಾಯಿರಿ, ಯಾರಾದರೂ ಬಂದೇ ಬರುತ್ತಾರೆ. ಆನೆ ಮಟ್ಟಕ್ಕೆ ಕೂತು ತೆಗೆಯಿರಿ. ಪ್ಯಾಂಟು ಕೊಳೆಯಾದರೆ ಆಗಲಿ, ಅಲ್ವಾ?