ಮಳೆ ಬಿರುಸಾಗುವ ಮೊದಲು ಮನೆಯ ಹಿಂದಿನ ಬರೆಯನ್ನು (ಕಡಿದ ಇಳಿಜಾರನ್ನು) ನೋಡಿಕೊಳ್ಳಿ

ಎಲ್ಲರಿಗೂ ನಮಸ್ಕಾರ. ಕೊಡಗಿನಲ್ಲಿ 2018ರಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ, 2019ರಲ್ಲಿ ತೋರದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಬೆಟ್ಟ ಕುಸಿದದ್ದು ಆಗಸ್ಟ್ ತಿಂಗಳ ಎಡೆಬಿಡದ ಮಳೆಯಲ್ಲಿ. ಮನೆಗಾಗಿ, ರಸ್ತೆಗಾಗಿ ಇಳಿಜಾರನ್ನು ನೆಟ್ಟಗೆ ಕಡಿದ ಕಡೆಗಳಲ್ಲಿ ಈ ಅಪಾಯ ಹೆಚ್ಚು. ಆದ್ದರಿಂದ ಮುಂಗಾರು ಬಲಗೊಳ್ಳುವ ಮೊದಲೇ ಬರೆಯ ಮೇಲ್ಭಾಗದ ತೋಟದವರೆಗೂ ನಡೆದುಹೋಗಿ, ಮುಚ್ಚಿಹೋದ ಚರಂಡಿಗಳನ್ನು ಬಿಡಿಸಿ, ನೀರು ಬರೆಯೊಳಗೆ ಇಳಿಯದಂತೆ ದಾರಿ ಮಾಡಿಕೊಡಬೇಕು.

ನೆಲದಲ್ಲಿ ಹೊಸ ಬಿರುಕು, ವಾಲತೊಡಗಿದ ಮರ, ಇದ್ದಕ್ಕಿದ್ದಂತೆ ಬಿಗಿಯಾದ ಬಾಗಿಲು, ತಿಳಿಯಾಗಿದ್ದ ಒರತೆಯಲ್ಲಿ ಕೆಸರು, ಮಳೆ ಸುರಿಯುತ್ತಿರುವಾಗಲೇ ಬತ್ತಿದ ತೋಡು, ಇವುಗಳಲ್ಲಿ ಯಾವುದು ಕಂಡರೂ ಮನೆ ಬಿಟ್ಟು ಹೊರಡಿ. ಕೊನೆಯದಂತೂ ಬಹಳ ಗಂಭೀರ, ಏಕೆಂದರೆ ಮೇಲೆಲ್ಲೋ ಜರಿದ ಮಣ್ಣು ನೀರನ್ನು ಅಡ್ಡಗಟ್ಟಿರಬಹುದು ಮತ್ತು ಅದು ಒಡೆದಾಗ ಮಣ್ಣು, ಬಂಡೆ, ಮರಗಳೆಲ್ಲ ಒಟ್ಟಿಗೆ ಇಳಿದು ಬರುತ್ತವೆ. (ಬಿರುಕಿನ ಮೇಲೆ ಟಾರ್ಪಾಲು ಹೊದಿಸಿ ಒಳಗೇ ಮಲಗುವುದು ಧೈರ್ಯವಲ್ಲ.)

ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯವರು ಕಾವೇರಿಯ ಮಟ್ಟವನ್ನು ಗಮನಿಸುತ್ತಿರಲಿ. ಯಾರ ಮನೆಗೆ, ಯಾವ ದಾರಿಯಲ್ಲಿ ಹೋಗುವುದೆಂದು ಹಗಲಿನಲ್ಲೇ ತೀರ್ಮಾನಿಸಿ, ಔಷಧ, ಟಾರ್ಚು, ಜಾಗದ ದಾಖಲೆಗಳನ್ನು ಒಂದೇ ಚೀಲದಲ್ಲಿಡಿ. ತುರ್ತು ಕರೆಗೆ 112 ಇದೆಯಾದರೂ, ಕರೆಂಟು ಹೋದರೆ ನೆಟ್‌ವರ್ಕ್ ಕೈಕೊಡುವ ಊರುಗಳಲ್ಲಿ ಅಕ್ಕಪಕ್ಕದ ಮನೆಯವರು ಕೂಗಿಗೆ ಓಗೊಡುವ ಏರ್ಪಾಡನ್ನೂ ಮೊದಲೇ ಮಾಡಿಕೊಂಡಿರಬೇಕು.