ಬಾಣಂತನ ಮುಗಿದಿತ್ತು, ಬಾಣಂತಿ ಊಟ ಮುಗಿದಿರಲಿಲ್ಲ

ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಕಂಕನಾಡಿಗೆ ಹೋಗುವ ಸಿಟಿ ಬಸ್ಸು. ಪಕ್ಕದಲ್ಲಿ ಕೂತಿದ್ದ ಪರಿಚಯದ ಹೆಂಗಸೊಬ್ಬರು ನನ್ನ ಹೊಟ್ಟೆ ನೋಡಿ ಮೆಲ್ಲ ಕೇಳಿದರು, "ಎಂತ, ವಿಶೇಷ ಉಂಟಾ?" ಮಗಳಿಗೆ ಆಗ ಒಂದು ವರ್ಷ ಹತ್ತು ತಿಂಗಳು. ವಿಶೇಷ ಎಂತದ್ದೂ ಇರಲಿಲ್ಲ, ಇದ್ದದ್ದು ಹಳೇ ಹೊಟ್ಟೆಯೇ. ಬಸುರಿಯಾಗುವ ಮೊದಲು 57 ಕಿಲೋ ಇದ್ದವಳು, ಆ ಸಂಜೆ ತೂಕ ನೋಡಿದರೆ 68.

ಮೊದಲು ಮಾಡಿದ್ದೆಲ್ಲ ಹೆಡ್ಡತನ. ರಾತ್ರಿ ಊಟ ಬಿಟ್ಟೆ. ಮಗು ಮಲಗಿದ ಮೇಲೆ ಲೈಟು ಹಾಕದೆ ಚಕ್ಕುಲಿ ಡಬ್ಬಿಗೆ ಕೈ ಹಾಕುತ್ತಿದ್ದೆ. ಯಾರೋ ಹೇಳಿದರೆಂದು ಒಂದು ಪುಡಿ ತರಿಸಿ ಕುಡಿದೆ, ಹೊಟ್ಟೆ ಉಬ್ಬರಿಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಕೊನೆಗೆ ಡಾಕ್ಟರಲ್ಲಿಗೆ ಹೋದೆ. ಹೆರಿಗೆಯಾದ ಮೇಲೆ ಕೆಲವರಿಗೆ ಥೈರಾಯ್ಡ್ ಏರುಪೇರಾಗುತ್ತದೆ ಎಂದು ರಕ್ತ ಪರೀಕ್ಷೆ ಮಾಡಿಸಿದರು. ನನ್ನದು ಸರಿಯಾಗಿಯೇ ಇತ್ತು. ಆಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಹಾಲು ಬಿಡಿಸಿ ಎಷ್ಟು ಸಮಯ ಆಯ್ತು?" ಆರು ತಿಂಗಳು ಅಂದೆ. "ಊಟ ಬದಲಾಯಿತಾ?"

ಬದಲಾಗಿರಲಿಲ್ಲ. ಮೊಲೆಹಾಲು ಕೊಡುವ ತಾಯಿಗೆ ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ಬೇಕಾಗುತ್ತದೆ. ಅಮ್ಮ ಉಡುಪಿಯಿಂದ ಬಂದು ತುಪ್ಪ ಸುರಿದ ಮೆಂತೆ ಗಂಜಿ, ಬೆಲ್ಲದ ಲೇಹ್ಯ ಎಲ್ಲ ಕೊಟ್ಟದ್ದು ಅದಕ್ಕೇ, ತಪ್ಪಲ್ಲ. ಆದರೆ ಹಾಲು ನಿಂತ ಮೇಲೂ ಲೇಹ್ಯದ ಭರಣಿ ಬರುತ್ತಲೇ ಇತ್ತು. ಒಂದು ದೊಡ್ಡ ಚಮಚ ತುಪ್ಪವೆಂದರೆ ನೂರು ಕ್ಯಾಲೊರಿಗೂ ಮೇಲೆ. "ಬಾಣಂತಿ ಹೊಟ್ಟೆ ಖಾಲಿ ಇರಬಾರದು ಮಗಾ" ಅನ್ನುವ ಅಮ್ಮನಿಗೆ, ನಾನೀಗ ಬಾಣಂತಿ ಅಲ್ಲ ಎಂದು ಒಪ್ಪಿಸಲು ಎರಡು ತಿಂಗಳು ಹಿಡಿಯಿತು.

ಅದಕ್ಕಿಂತ ದೊಡ್ಡ ಕಳ್ಳತನ ಬೇರೆಯೇ ಇತ್ತು. ಮಗಳು ಬಿಟ್ಟದ್ದನ್ನು ನಾನು ಬಾಯಿಗೆ ಹಾಕಿಕೊಳ್ಳುವುದು. ಒಂದು ದಿನ ಹಾಗೆ ತಿನ್ನದೆ, ಉಳಿದದ್ದನ್ನೆಲ್ಲ ಒಂದು ಸ್ಟೀಲ್ ಡಬ್ಬಿಗೆ ಹಾಕುತ್ತ ಬಂದೆ. ಬೆಳಿಗ್ಗೆ ಅರ್ಧ ದೋಸೆ. ಹತ್ತು ಗಂಟೆಗೆ ನಾಲ್ಕು ಚಮಚ ರಾಗಿ ಮಣ್ಣಿ, ಬೆಲ್ಲ, ತೆಂಗಿನ ಹಾಲು ಹಾಕಿದ್ದು. ಮಧ್ಯಾಹ್ನ ತುಪ್ಪದನ್ನ ಒಂದು ಮುಷ್ಟಿ. ಸಂಜೆ ಅರ್ಧ ಕದಳಿ ಬಾಳೆಹಣ್ಣು, ಕಚ್ಚಿಟ್ಟ ಎರಡು ಬಿಸ್ಕತ್ತು. ರಾತ್ರಿ ಮುಚ್ಚಳ ಹಾಕಲು ಹೋದರೆ ಒತ್ತಿ ಮುಚ್ಚಬೇಕಾಯಿತು. ಇದಾವುದೂ ನನ್ನ ಲೆಕ್ಕದಲ್ಲಿ ಊಟವಾಗಿರಲೇ ಇಲ್ಲ! ಮರುದಿನದಿಂದ ಅವಳಿಗೆ ಸ್ವಲ್ಪವೇ ಬಡಿಸಿ, ಬೇಕೆಂದರೆ ಮತ್ತೆ ಹಾಕುವುದು ರೂಢಿ ಮಾಡಿದೆ. ಹೇಳಿದಷ್ಟು ಸುಲಭವಲ್ಲ, ಮಣ್ಣಿಯ ಬಟ್ಟಲು ಈಗಲೂ ನನ್ನನ್ನು ಕರೆಯುತ್ತದೆ.

ಬೆಳಗಿನ ತಿಂಡಿಯಲ್ಲಿ ನೀರುದೋಸೆ ಬಿಡಲಿಲ್ಲ, ಬಿಡುವುದೂ ಇಲ್ಲ. ಆದರೆ ಅದು ಬರೀ ಅಕ್ಕಿ. ತೆಳ್ಳಗೆ ಬಾಯಿಗೆ ಹೋಗುತ್ತದೆ, ಆರು ತಿಂದದ್ದು ಗೊತ್ತೇ ಆಗುವುದಿಲ್ಲ, ಹತ್ತೂವರೆಗೆ ಮತ್ತೆ ಹಸಿವು. ಈಗ ಮೂರು ದೋಸೆ, ಜೊತೆಗೆ ಕಡ್ಲೆ ಗಸಿ ಅಥವಾ ಒಂದು ಮೊಟ್ಟೆ. ವಾರದಲ್ಲಿ ಎರಡು ದಿನ ಹೆಸರುಕಾಳಿನ ದೋಸೆ. ಮಧ್ಯಾಹ್ನದವರೆಗೆ ಹೊಟ್ಟೆ ಸುಮ್ಮನಿರುತ್ತದೆ.

ಮಧ್ಯಾಹ್ನ ಕುಚ್ಚಲಕ್ಕಿ ಅನ್ನವೇ, ಎರಡು ಸೌಟಿನ ಬದಲು ಒಂದು. ಬಟ್ಟಲಿನಲ್ಲಿ ಖಾಲಿಯಾದ ಜಾಗಕ್ಕೆ ಹರಿವೆ ಅಥವಾ ತೊಂಡೆಕಾಯಿ ಪಲ್ಯ. ಬಂಗುಡೆ ಮೀನಿಗೆ ವಾರದಲ್ಲಿ ಒಮ್ಮೆ ಮಾತ್ರ ತೆಂಗಿನ ಗಸಿ, ಉಳಿದ ದಿನ ತೆಂಗಿನಕಾಯಿ ಹಾಕದ ಹುಳಿ-ಖಾರದ ಪುಳಿಮುಂಚಿ. ಹುರಿಯುವುದಾದರೆ ಕಾವಲಿಗೆ ಎರಡು ಚಮಚ ಎಣ್ಣೆ. ಅತ್ತೆ ಮೊದಲು "ತೆಂಗಿನಕಾಯಿ ಇಲ್ಲದ್ದೂ ಒಂದು ಸಾರಾ?" ಅಂದರು. ಹುರುಳಿ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ದಿನ ಆ ಮಾತು ನಿಂತಿತು.

ಚಹಾಕ್ಕೆ ಎರಡು ಚಮಚ ಸಕ್ಕರೆ, ದಿನಕ್ಕೆ ಐದು ಸಲ. ಸುಮಾರು 40 ಗ್ರಾಂ ಆಗುತ್ತದೆ ಎಂದು ಲೆಕ್ಕ ಹಾಕಿದ ದಿನ ನನಗೇ ನಾಚಿಕೆಯಾಯಿತು. ಈಗ ಎರಡೇ ಚಹಾ, ಅರ್ಧರ್ಧ ಚಮಚ.

ಸಂಜೆ ಐದರ ಹಸಿವೇ ನಿಜವಾದ ಪರೀಕ್ಷೆ. ಆಫೀಸಿನಿಂದ ಇಳಿದರೆ ಎದುರಿಗೇ ಗೋಳಿಬಜೆಯ ಬಾಣಲೆ. ಬುತ್ತಿಯಲ್ಲಿ ಬೇಯಿಸಿದ ಕಡಲೆ ಒಯ್ದು, ಹೊರಡುವ ಮೊದಲೇ ತಿಂದು ಇಳಿಯುತ್ತೇನೆ. ಬನ್ಸ್ ಭಾನುವಾರ ಮಾತ್ರ, ಒಂದೇ. ಮನೆಗೆ ಹೋಗುವಾಗ ಒಂದು ಸ್ಟಾಪ್ ಮೊದಲೇ ಇಳಿದು ನಡೆಯುವುದಷ್ಟೇ ನನ್ನ ವ್ಯಾಯಾಮ.

ವಾರಕ್ಕೆ ಅರ್ಧ ಕಿಲೋ ಇಳಿದರೆ ಸಾಕು, ಅವಸರ ಬೇಡ ಎಂದಿದ್ದರು ಡಾಕ್ಟರು. ನನ್ನದು ಅಷ್ಟೂ ಇಳಿಯಲಿಲ್ಲ, ಎಂಟು ತಿಂಗಳಲ್ಲಿ ಎಂಟು ಕಿಲೋ. ತುಳುವಿನ ಆಟಿ ತಿಂಗಳಲ್ಲಿ ಪತ್ರೊಡೆ, ಹಲಸಿನ ಹಪ್ಪಳ, ಮಳೆಯಲ್ಲಿ ನಡಿಗೆಯೂ ಇಲ್ಲ, ಒಂದೂವರೆ ಕಿಲೋ ವಾಪಸು ಬಂತು. ಮುಂದಿನ ಸೋಣ ತಿಂಗಳು ಹಿಡಿದ ಮೇಲೆ ಹುರುಳಿ ಸಾರು, ಕಡಲೆ ಬುತ್ತಿ ಮತ್ತೆ ಶುರು ಮಾಡಿದ್ದೇನೆ. ಮೊನ್ನೆ ಅಮ್ಮ ಬಂದವಳು ಚೀಲದಿಂದ ಭರಣಿ ತೆಗೆದಳು. ನಾನು ಏನೋ ಹೇಳಹೊರಟೆ. "ಲೇಹ್ಯ ಅಲ್ಲ ಮಾರಾಯ್ತಿ," ಅಂದಳು, "ಮಾವಿನಮಿಡಿ ಉಪ್ಪಿನಕಾಯಿ."